ಜನರೇಟರಿನ ಹೊಟ್ಟೆಯಲ್ಲಿಟ್ಟ ಬಲ್ಬು

ಜನರೇಟರ್ ಸುಟ್ಟಿದ್ದು ಸೋಲಾರಿನಿಂದ ಅಲ್ಲ. ಆಷಾಢದಲ್ಲಿ ಕೆಲಸವಿಲ್ಲದೆ ಕೂತಿದ್ದ ನನ್ನ ಮೈದುನನಿಗೆ ಇಸ್ಪೀಟಿನ ಜೊತೆಗೆ ಟೀವಿಯೂ ಬೇಕಾಯಿತು. ಅದರಿಂದ ಸುಟ್ಟಿತು. ನಡೆದದ್ದು ಇಷ್ಟೇ. ನಮ್ಮ ನೆಂಟರಲ್ಲಿ ಕೆಲವರು ಇವತ್ತಿಗೂ, "ಆಯಮ್ಮ ಬಿಸಿಲಿನ ಕರೆಂಟ್ ಕೊಟ್ಟು ಒಳ್ಳೇ ಮೆಷಿನ್ ಹಾಳ್ಮಾಡಿದ್ಲು" ಎಂದು ಹೇಳಿಕೊಂಡು ತಿರುಗುತ್ತಾರೆ. ಹೇಳಲಿ. ನಾನು ಓದಿದ್ದು ಮೂರನೇ ಕ್ಲಾಸು, ಅವರೆಲ್ಲ ಎಸ್ಸೆಸ್ಸೆಲ್ಸಿ. ಆದರೆ ಆ ಮೆಷಿನ್ನಿನ ಹೊಟ್ಟೆಯೊಳಗೆ ಕೈ ಹಾಕಿ ನೋಡಿದವಳು ನಾನು, ಅವರು ಯಾರೂ ಹಾಕಿಲ್ಲ. ಇದರಲ್ಲಿ ನನ್ನ ತಪ್ಪೂ ಒಂದಿದೆ. ಅದು ಬರುವ ಜಾಗದಲ್ಲಿ ಹೇಳುತ್ತೇನೆ, ಮುಚ್ಚಿಡುವುದಿಲ್ಲ.

ನಮ್ಮ ಯಜಮಾನರು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ವೈಂಡಿಂಗ್ ಕೆಲಸ ಮಾಡುತ್ತಿದ್ದರು. ಸುಟ್ಟ ಮೋಟಾರಿನ ಹಳೆ ತಾಮ್ರದ ತಂತಿ ಕಿತ್ತು ಹೊಸದು ಕೂರಿಸುವ ಕೆಲಸ. ನಾನು ಮಧ್ಯಾಹ್ನ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದವಳು, ಹಾಗೇ ಪಕ್ಕದಲ್ಲಿ ಕೂತು ತಂತಿ ಹಿಡಿಯುವುದು ಕಲಿತೆ, ಕಾಗದ ಕತ್ತರಿಸುವುದು ಕಲಿತೆ, ಕೊನೆಗೆ ಸುರುಳಿ ಕೂರಿಸುವುದೂ ಕಲಿತೆ. ಹೆಂಗಸಿನ ಬೆರಳು ಸಣ್ಣ, ಸಂದಿಗೆ ಹೋಗುತ್ತದೆ ಎಂದು ನನ್ನ ಕೈಲೇ ಮಾಡಿಸುತ್ತಿದ್ದರು. ಹೊಗಳಿದವರಲ್ಲ. ಮುಂದೆ ಯಾವುದೋ ಮುಚ್ಚಿದ ಕಾರ್ಖಾನೆಯ ಹರಾಜಿನಲ್ಲಿ ಎರಡು ಹಳೆಯ ಜನರೇಟರ್ ಹಿಡಿದರು. ಒಂದು ದೊಡ್ಡದು, ಒಂದು ಚಿಕ್ಕದು. ತಾವೇ ರಿಪೇರಿ ಮಾಡಿ, ಗಾಲಿ ಹಾಕಿಸಿ, ಮದುವೆ ಮನೆಗಳಿಗೆ ಬಾಡಿಗೆಗೆ ಕಳಿಸತೊಡಗಿದರು. ಅವರು ಹೋದ ಮೇಲೆ ಆ ಎರಡೂ ನನ್ನವಾದವು.

ಯಜಮಾನರ ತಮ್ಮನದು ಶಾಮಿಯಾನದ ಅಂಗಡಿ. ಕುರ್ಚಿ, ಟೇಬಲ್ಲು, ಸೀರಿಯಲ್ ಸೆಟ್ಟು, ಪಾತ್ರೆ. ಮದುವೆಯವರು ಶಾಮಿಯಾನಕ್ಕೆ ಅವನ ಹತ್ತಿರ ಬಂದರೆ ಜನರೇಟರ್ ನನ್ನದು ಹೋಗುತ್ತಿತ್ತು. ಬ್ಯಾಡರಹಳ್ಳಿಯಲ್ಲಿ ಅಣ್ಣತಮ್ಮಂದಿರು ಜಂಟಿಯಾಗಿ ತೆಗೆದುಕೊಂಡಿದ್ದ ಸೈಟಿನಲ್ಲಿ ಒಂದು ಶೀಟಿನ ಶೆಡ್ಡು. ಅರ್ಧ ಶೆಡ್ಡಿನಲ್ಲಿ ಅವನ ಕುರ್ಚಿ, ಅರ್ಧದಲ್ಲಿ ನನ್ನ ಮೆಷಿನ್. ಆ ಇನ್ನರ್ಧದ ಮೇಲೆ ಅವನ ಕಣ್ಣು ಬಿದ್ದು ಎರಡು ವರ್ಷವಾಗಿತ್ತು.

"ಅತ್ತಿಗೆ, ಇವಾಗೆಲ್ಲ ಸದ್ದೇ ಮಾಡದೇ ಇರೋ ಜನರೇಟರ್ ಬಂದಿದೆ. ನಿಮ್ದು ಸ್ಟಾರ್ಟ್ ಮಾಡಿದ್ರೆ ಮಂತ್ರ ಕೇಳ್ಸಲ್ಲ, ಮಾತು ಕೇಳ್ಸಲ್ಲ. ಗುಜರಿಗೆ ತೂಕಕ್ಕೆ ಹಾಕ್ಬಿಡೋಣ."

"ಮಂತ್ರ ಕೇಳ್ಸದೇ ಇದ್ರೂ ಮದ್ವೆ ಆಗುತ್ತೆ ಕಣೋ. ನಿನ್ ಮದ್ವೆಲಿ ಯಾವ ಮಂತ್ರ ಕೇಳಿಸ್ತು?"

ನಾನು ಇರುವುದು ಲಗ್ಗೆರೆಯಲ್ಲಿ, ಮಗಳ ಮನೆಯಲ್ಲಿ. ಅವಳು ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಮೊಮ್ಮಗಳು ಶಾಲೆಗೆ. ಆ ಎರಡು ಮೆಷಿನ್ ಇರುವ ತನಕ ನಾನು ಬೆಳಿಗ್ಗೆ ಸೀರೆ ಸರಿ ಮಾಡಿಕೊಂಡು ಕೆಲಸಕ್ಕೆ ಹೊರಡುವ ಹೆಂಗಸು. ಅವು ಹೋದರೆ ಮೂಲೆಯಲ್ಲಿ ಕೂತು ಅವರೆಕಾಳು ಬಿಡಿಸುವ ಮುದುಕಿ. ಬಸ್ಸಿನ ದುಡ್ಡಿಗೂ ಮಗಳ ಮುಖ ನೋಡಬೇಕು. ಅದು ನನಗೆ ಬೇಡವಾಗಿತ್ತು. ಅಷ್ಟಕ್ಕೇ ನಾನು ಜಗಳವಾಡಿದ್ದು, ಮೆಷಿನ್ನಿನ ಮೇಲೆ ಪ್ರೀತಿ ಗೀತಿ ಏನೂ ಇರಲಿಲ್ಲ.

ಈಗ ಆಷಾಢದ ವಿಷಯ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಏನೂ ಇಲ್ಲ. ತಿಂಗಳು ಪೂರ್ತಿ ಜನರೇಟರ್ ನಿಂತಲ್ಲೇ ನಿಂತಿರುತ್ತದೆ. ಅದೇ ತಿಂಗಳು ಬೆಂಗಳೂರಿನಲ್ಲಿ ಜಿಟಿಜಿಟಿ, ತಣ್ಣನೆ ಗಾಳಿ. ಜನರೇಟರಿನ ಒಳಗೆ ಕರೆಂಟು ಹುಟ್ಟುವುದು ತಾಮ್ರದ ಸುರುಳಿಗಳಲ್ಲಿ. ಅವಕ್ಕೆ ವಾರ್ನಿಷ್ ಬಳಿದು, ಕಾಗದ ಸುತ್ತಿ ಕೂರಿಸಿರುತ್ತಾರೆ. ಮೆಷಿನ್ ಓಡುತ್ತಿದ್ದರೆ ತಾನೇ ಬಿಸಿಯಾಗಿ ಒಣಗಿಕೊಂಡಿರುತ್ತದೆ. ಸುಮ್ಮನೆ ನಿಂತರೆ ಮುಚ್ಚಳ ಹಾಕದ ಡಬ್ಬಿಯಲ್ಲಿಟ್ಟ ಹಪ್ಪಳದ ಹಾಗೆ ತೇವ ಎಳೆದುಕೊಳ್ಳುತ್ತದೆ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಶ್ರಾವಣ ಬಂತು ಎಂದು ಸ್ಟಾರ್ಟ್ ಮಾಡಿದಿರೋ, ಒದ್ದೆ ಸುರುಳಿಯಲ್ಲಿ ಕರೆಂಟು ಅಡ್ಡದಾರಿ ಹಿಡಿದು ಸುಟ್ಟು ಹೋಗುತ್ತದೆ.

ವಾರಕ್ಕೊಮ್ಮೆ ಕಾಲು ಗಂಟೆ ಓಡಿಸಿದರೆ ತಪ್ಪುತ್ತದೆಯಲ್ಲ ಎಂದು ಕೇಳಬಹುದು. ಓಡಿಸುವ ಹಾಗಿಲ್ಲ. ನಮ್ಮ ಬಾಡಿಗೆಯವರಲ್ಲಿ ಒಂದು ನಂಬಿಕೆ ಇತ್ತು. ಆಷಾಢದಲ್ಲಿ ಬರಿದೇ ಜನರೇಟರ್ ಸ್ಟಾರ್ಟ್ ಮಾಡಿದರೆ ಆ ವರ್ಷವೆಲ್ಲ ಸಾವಿನ ಮನೆಯ ಬಾಡಿಗೆಯೇ ಬರುತ್ತದಂತೆ. ಮೈದುನ ಆಷಾಢದ ಮೊದಲ ದಿನವೇ ಎರಡೂ ಮೆಷಿನ್ನಿಗೆ ನಿಂಬೆಹಣ್ಣು ಕಟ್ಟಿ, ಸ್ಟಾರ್ಟರ್ ಹಿಡಿ ಕಿತ್ತು ತನ್ನ ಮನೆಗೆ ಒಯ್ಯುತ್ತಿದ್ದ. ಯಜಮಾನರೂ ಇದಕ್ಕೆ ಎದುರು ಮಾತಾಡಿದವರಲ್ಲ. ಅವರು ಬೇರೆ ದಾರಿ ಮಾಡಿಕೊಂಡಿದ್ದರು. ಮೆಷಿನ್ನಿನ ತಗಡು ಬಿಚ್ಚಿ, ಸುರುಳಿಗಳ ಪಕ್ಕದಲ್ಲಿ ಒಂದು ಬಲ್ಬು ಹಾಕಿ, ಮೇಲೆ ಕಂಬಳಿ ಹೊದೆಸಿಬಿಡುತ್ತಿದ್ದರು. ತಿಂಗಳೆಲ್ಲ ಬಲ್ಬು ಉರಿಯುತ್ತಿತ್ತು, ಒಳಗೆ ಬೆಚ್ಚಗಿರುತ್ತಿತ್ತು. ಆಗ ಮೆಷಿನ್ ಎಸ್ಟೇಟಿನಲ್ಲೇ ಇದ್ದವು, ಅಲ್ಲಿ ಕರೆಂಟಿತ್ತು. ಬ್ಯಾಡರಹಳ್ಳಿ ಶೆಡ್ಡಿನಲ್ಲಿ ಕರೆಂಟೇ ಇರಲಿಲ್ಲ. ಸೈಟಿನ ಕಾಗದ ಸರಿ ಇಲ್ಲ ಎಂದು ಕನೆಕ್ಷನ್ ಕೊಟ್ಟಿರಲಿಲ್ಲ.

ಅಲ್ಲಿಗೆ ಬಂದ ಮೊದಲನೇ ಆಷಾಢದಲ್ಲಿ ಮೆಷಿನ್ ಕೆಳಗೆ ಇದ್ದಲು ಕೆಂಡದ ಬಾಣಲೆ ಇಟ್ಟೆ. ಡೀಸೆಲ್ ಟ್ಯಾಂಕಿನ ಪಕ್ಕ ಕೆಂಡ ಇಡುವ ಬುದ್ಧಿ ಯಾರು ಕೊಟ್ಟರೋ. ಎರಡು ದಿನ ಇಟ್ಟು ಹೆದರಿ ತೆಗೆದೆ.

ನಮ್ಮ ಲಗ್ಗೆರೆ ಬೀದಿಯಲ್ಲಿ ಹುಬ್ಬಳ್ಳಿ ಕಡೆಯವನೊಬ್ಬ ಬಾಡಿಗೆಗಿದ್ದ. ಕರೆಂಟಿಲ್ಲದ ಪೆಟ್ಟಿಗೆ ಅಂಗಡಿಗಳಿಗೆ, ತಳ್ಳುಗಾಡಿಗಳಿಗೆ ಸೋಲಾರ್ ದೀಪ ಮಾರುತ್ತಿದ್ದ. ಅವನನ್ನು ಕರೆದು ಹೇಳಿದೆ. ಅವನು ನಕ್ಕಿದ್ದೇ ನಕ್ಕಿದ್ದು.

"ಕರೆಂಟ್ ಕೊಡೂ ಮಷೀನಿಗೇ ಕರೆಂಟ್ ಬೇಕಂತೀರೇನ್ರಿ ಅಮ್ಮಾರ?"

"ಹೂಂ ಕಣಪ್ಪ. ಅಡಿಗೆ ಮಾಡೋಳಿಗೂ ಊಟ ಬೇಕಾಗುತ್ತೆ. ನಿನ್ ಹೆಂಡ್ತಿನ ಕೇಳು."

ಶೆಡ್ಡಿನ ಮೇಲೆ ಎರಡು ಗಾಜಿನ ಹಲಗೆ ಕೂರಿಸಿದ, ಕೆಳಗೆ ಬ್ಯಾಟರಿ ಇಟ್ಟ, ನಡುವೆ ಒಂದು ಚಿಕ್ಕ ಪೆಟ್ಟಿಗೆ. ಹೊತ್ತು ಮುಳುಗಿದರೆ ದೀಪ ತಾನೇ ಹತ್ತಿಕೊಳ್ಳುತ್ತದೆ, ಬೆಳಗಾದರೆ ತಾನೇ ಆರುತ್ತದೆ. ಜೊತೆಗೆ ಎರಡು ದೀಪ ಕೊಟ್ಟ. ಆಗ ಹೊಸದಾಗಿ ಬಂದಿದ್ದ ಎಲ್‌ಇಡಿ, ಹಾಲಿನಂಥ ಬೆಳಕು.

"ಇದು ಬಿಸಿ ಆಗುತ್ತಾ?" ಎಂದು ಕೇಳಿದೆ.

"ಇಲ್ರಿ! ಅದಾ ಇದರದು ವಿಶೇಷ ಐತಿ. ರಾತ್ರಿ ಎಲ್ಲಾ ಉರದ್ರೂ ತಣ್ಣಗ ಇರತೈತಿ. ಮುಟ್ಟಿ ನೋಡ್ರಿ."

"ಹಂಗಾದ್ರೆ ಇದು ನಂಗೆ ಬೇಡ. ಬಿಸಿ ಆಗೋದು ಕೊಡು."

ಅವನು ನನ್ನನ್ನು ಒಂದು ಥರ ನೋಡಿದ. ಬಿಸಿಯಾಗುವ ಬಲ್ಬು ಬೇಕು ಎಂದು ಕೇಳಿದ ಗಿರಾಕಿ ಅವನಿಗೆ ನಾನೇ ಮೊದಲಿರಬೇಕು. ಎಲ್‌ಇಡಿ ದೀಪಗಳನ್ನು ಡಬ್ಬಿಯಲ್ಲೇ ಇಟ್ಟು ಶೆಡ್ಡಿನ ಮೂಲೆಗೆ ತಳ್ಳಿದೆ. ಲಾರಿಯ ಬ್ರೇಕ್ ಲೈಟಿಗೆ ಹಾಕುವ ಬಲ್ಬು ಸುಂಕದಕಟ್ಟೆಯ ಲಾರಿ ಸಾಮಾನಿನ ಅಂಗಡಿಯಿಂದ ತಂದು, ಒಂದೊಂದು ಮೆಷಿನ್ನಿಗೆ ಒಂದೊಂದು ಹಾಕಿದೆ. ಬ್ಯಾಟರಿಗೆ ಸರಿಹೋಗುವ ಬಲ್ಬು ಅದು, ಒಂದು ನಿಮಿಷ ಉರಿದರೆ ಮುಟ್ಟಲಾಗುವುದಿಲ್ಲ. ಮೇಲೆ ಯಜಮಾನರದೇ ಹಳೆ ಕಂಬಳಿಗಳು. ಮೋಡ ಮುಚ್ಚಿದ ದಿನ ಬೆಳಗಿನ ಜಾವಕ್ಕೆ ಬಲ್ಬು ಮಂಕಾಗುತ್ತಿತ್ತು. ಆದರೂ ಕಂಬಳಿಯೊಳಗೆ ಕೈ ಹಾಕಿದರೆ ಬೆಚ್ಚಗಿರುತ್ತಿತ್ತು.

ಮೈದುನನ ಕಡೆಯ ಆಳುಗಳಿಗೆ ಇದೊಂದು ತಮಾಷೆಯಾಯಿತು. "ಅಮ್ಮಾ, ಮೆಷಿನ್‌ಗೆ ಕಾಲುಚೀಲ ಹಾಕಲ್ವಾ?" ಎಂದು ಒಬ್ಬ. "ಶುಂಠಿ ಕಷಾಯ ಕುಡಿಸಿ ಆಂಟಿ, ನೆಗಡಿ ಆಗಿರ್ಬೇಕು" ಎಂದು ಇನ್ನೊಬ್ಬ. ಮೈದುನ ಅವರನ್ನು ಗದರಲಿಲ್ಲ, ಜೊತೆಗೆ ನಗುತ್ತಿದ್ದ.

ಆ ವರ್ಷ ಶ್ರಾವಣಕ್ಕೆ ಮುಂಚೆ ಎಸ್ಟೇಟಿನಿಂದ ವೈಂಡಿಂಗ್‌ನವನನ್ನು ಕರೆಸಿದೆ. ನಮ್ಮ ಯಜಮಾನರ ಕೈಕೆಳಗೆ ಕೆಲಸ ಕಲಿತವನು, ಯಜಮಾನರು ಕೂರುತ್ತಿದ್ದ ಅಂಗಡಿ ಈಗ ಅವನದೇ. ಅವನ ಹತ್ತಿರ ಮೆಗ್ಗರ್ ಎಂದು ಒಂದು ಪೆಟ್ಟಿಗೆ ಇದೆ. ಹಿಡಿ ತಿರುಗಿಸಿದರೆ ಮುಳ್ಳು ಏಳುತ್ತದೆ. ಸುರುಳಿ ಒಣಗಿದ್ದರೆ ಮುಳ್ಳು ಆಚೆ ತುದಿಗೆ ಹೋಗುತ್ತದೆ, ತೇವ ಇದ್ದರೆ ಸೊನ್ನೆಯ ಪಕ್ಕದಲ್ಲೇ ಬಿದ್ದಿರುತ್ತದೆ. ಅವತ್ತು ಮುಳ್ಳು ಸರ್ರನೆ ಆಚೆಗೆ ಹೋಯಿತು.

"ಅಕ್ಕಾ, ನಮ್ಮಂಗಡಿ ಒಳಗಿಟ್ಟಿದ್ರೂ ಇಷ್ಟು ಒಣಗಿರ್ತಿರ್ಲಿಲ್ಲ" ಎಂದ.

ಮೈದುನ ಅಲ್ಲೇ ನಿಂತಿದ್ದ. ಅವನ ಮುಖ ನೋಡಬೇಕಿತ್ತು. ಮಾರನೇ ವರ್ಷವೂ ಹಾಗೇ ಆಯಿತು. ಎರಡು ಆಷಾಢ ಸುಮ್ಮನೆ ದಾಟಿದವು.

ಮೂರನೇ ಆಷಾಢಕ್ಕೆ ನನಗೆ ಚಿಕೂನ್‌ಗುನ್ಯ ಬಂತು. ಮೆಟ್ರೋಗೆಂದು ರಸ್ತೆ ಅಗೆಯುತ್ತಿದ್ದ ಕಾಲ. ನಮ್ಮ ಬೀದಿಯಲ್ಲಿ ಮನೆಗಿಬ್ಬರು ಮಲಗಿದ್ದರು. ಬೆರಳು ಮಡಚಲಾಗುತ್ತಿರಲಿಲ್ಲ, ಲೋಟ ಎತ್ತಲಾಗುತ್ತಿರಲಿಲ್ಲ. ಬಲ್ಬು ಹಾಕಿ, ಕಂಬಳಿ ಹೊದೆಸಿ ಬಂದ ನಾಲ್ಕನೇ ದಿನಕ್ಕೆ ಬಿದ್ದೆ. ಮೈದುನ ನೋಡಲು ಬಂದ, ಹೆಂಡತಿಯನ್ನೂ ಕರೆದುಕೊಂಡು, ಎರಡು ಮೂಸಂಬಿ ಹಿಡಿದುಕೊಂಡು.

"ಅತ್ತಿಗೆ, ಶೆಡ್ಡಿನ ಬೀಗದ ಕೈ ಕೊಡಿ. ಯಾರಾದ್ರೂ ಕಂಬಳಿ ಸರಿ ಮಾಡ್ಬೇಕಲ್ಲ. ನಾನ್ ನೋಡ್ಕೊತೀನಿ."

ಶೆಡ್ಡಿಗೆ ಆಗ ಒಂದೇ ಬೀಗ, ಒಂದೇ ಕೈ. ಅದು ನನ್ನ ಸೊಂಟದಲ್ಲಿರುತ್ತಿತ್ತು. ಕುರ್ಚಿ ಬೇಕಾದಾಗ ಅವನು ನನ್ನ ಹತ್ತಿರ ಬರಬೇಕಿತ್ತು. ಅವನಿಗೆ ಅದೂ ಒಂದು ಉರಿ. ಜ್ವರದಲ್ಲಿ ಕೊಟ್ಟೆ. ಕೊಡುವಾಗ ಹೇಳಿದ ಮಾತು ನೆನಪಿದೆ: "ಬಲ್ಬು ಮುಟ್ಬೇಡ. ಕೈ ಹಾಕಿ ಬೆಚ್ಚಗಿದ್ಯಾ ನೋಡು, ಅಷ್ಟು ಸಾಕು."

"ಆಯ್ತು ಬಿಡಿ ಅತ್ತಿಗೆ, ನಂಗೆ ಗೊತ್ತಿಲ್ವಾ."

ಗೊತ್ತಿರಲಿಲ್ಲ. ಗೊತ್ತಿಲ್ಲದವನಿಗೆ ಕೊಟ್ಟದ್ದು ನಾನು.

ಮೂರು ವಾರದ ಮೇಲೆ ಎದ್ದು ಓಡಾಡುವ ಹಾಗಾಯಿತು. ಒಂದು ಸಂಜೆ ಎರಡು ಬಸ್ಸು ಬದಲಾಯಿಸಿ ಬ್ಯಾಡರಹಳ್ಳಿಗೆ ಹೋದೆ. ಶೆಡ್ಡಿಗೆ ಬೀಗ, ಮೈದುನ ಇಲ್ಲ. ಆಗತಾನೇ ಕತ್ತಲಾಗುತ್ತಿತ್ತು. ಬಗ್ಗಿ ಶಟರಿನ ಕೆಳಗಿನ ಸಂದಿಯಲ್ಲಿ ನೋಡಿದೆ. ಮೆಷಿನ್ನಿನ ತಳದ ಗಾಳಿಕಿಂಡಿಯಿಂದ ನೆಲದ ಮೇಲೆ ಬೆಳಕು ಬಿದ್ದಿತ್ತು. ಸದ್ಯ, ಉರಿಯುತ್ತಿದೆ ಎಂದುಕೊಂಡು ವಾಪಸ್ಸು ಬಂದೆ.

ನನ್ನ ತಪ್ಪು ಇದೇ. ಆ ಬೆಳಕು ಬೆಳ್ಳಗಿತ್ತು. ಲಾರಿ ಬಲ್ಬಿನ ಬೆಳಕು ಹಳದಿ. ಕಣ್ಣಿಗೆ ಕಂಡಿತು, ತಲೆಗೆ ಹೋಗಲಿಲ್ಲ. ಬೆಳಕು ಬೇಡ, ಬಿಸಿ ಬೇಕು ಎಂದು ಊರಿಗೆಲ್ಲ ಹೇಳಿದವಳು ಬರೀ ಬೆಳಕು ನೋಡಿ ಸಮಾಧಾನ ಮಾಡಿಕೊಂಡೆ. ಅವನ ಮನೆ ಅಲ್ಲಿಂದ ನಾಲ್ಕು ಬೀದಿ. ನಡೆದು ಹೋಗಿ ಬೀಗದ ಕೈ ತಂದು ಒಳಗೆ ಕೈ ಹಾಕಬಹುದಿತ್ತು. ಮಂಡಿ ನೋಯುತ್ತಿತ್ತು, ಹೋಗಲಿಲ್ಲ.

ಭೀಮನ ಅಮಾವಾಸ್ಯೆ ಕಳೆಯಿತು, ಶ್ರಾವಣ ಬಂತು. ಮೊದಲನೇ ಮುಹೂರ್ತದ ದಿನ ಬೆಳಿಗ್ಗೆ ಮೈದುನನ ಫೋನು.

"ಅತ್ತಿಗೆ, ವಿಜಯನಗರದ ಛತ್ರಕ್ಕೆ ದೊಡ್ಡ ಮೆಷಿನ್ ತಗೊಂಡು ಬಂದಿದೀನಿ. ನೀವೇನ್ ಬರೋದ್ ಬೇಡ, ಮಲಗಿ."

"ಮೆಗ್ಗರ್ ಹಾಕ್ಸಿದ್ಯಾ?"

"ಅಯ್ಯೋ, ತಿಂಗಳೆಲ್ಲ ನಿಮ್ ದೀಪ ಉರಿದಿದೆ, ಇನ್ನೇನ್ ಮೆಗ್ಗರು!"

"ಹಾಕ್ಸೋವರ್ಗೂ ಸ್ಟಾರ್ಟ್ ಮಾಡ್ಬೇಡ" ಎಂದೆ. ಅವನು ಆಗಲೇ ಫೋನ್ ಇಟ್ಟಿದ್ದ. ಸೀರೆ ಬದಲಾಯಿಸುವುದಕ್ಕೂ ನಿಲ್ಲದೆ ಹೊರಟೆ.

ಚಿಕ್ಕ ಛತ್ರ ಅದು, ಅವರದೇ ಜನರೇಟರ್ ಇರಲಿಲ್ಲ. ನಾನು ಗೇಟಿನ ಒಳಗೆ ಕಾಲಿಡುವ ಹೊತ್ತಿಗೆ ಕರೆಂಟು ಹೋಗಿ, ಹಿತ್ತಲಿನಿಂದ ನನ್ನ ಮೆಷಿನ್ನಿನ ಸದ್ದು ಏಳುತ್ತಿತ್ತು. ಕೂಗಿದೆ. ಆ ಸದ್ದಿನಲ್ಲಿ ಯಾರಿಗೆ ಕೇಳಬೇಕು. ಅಡಿಗೆಮನೆ ದಾಟಿ ಹಿತ್ತಲಿಗೆ ಹೋಗುವಷ್ಟರಲ್ಲಿ ವಾಸನೆ ಬಂತು. ಹುಳಿ ಹುಳಿಯಾದ, ಗಂಟಲು ಹಿಡಿಯುವ ವಾರ್ನಿಷ್ ಸುಟ್ಟ ವಾಸನೆ. ಮೂವತ್ತು ವರ್ಷ ಯಜಮಾನರ ಅಂಗಿಯಲ್ಲಿ ಒಗೆದ ವಾಸನೆ ಅದು, ನನಗೆ ಹೇಳಿಕೊಡಬೇಕಾಗಿಲ್ಲ. ಗಾಳಿಕಿಂಡಿಯಿಂದ ಹೊಗೆ ಬರುತ್ತಿತ್ತು. ಮೈದುನ ಮೆಷಿನ್ ನಿಲ್ಲಿಸಿ, ಎರಡು ಹೆಜ್ಜೆ ಹಿಂದೆ ನಿಂತು ಬೆವರು ಒರೆಸಿಕೊಳ್ಳುತ್ತಿದ್ದ.

ಹುಡುಗಿಯ ತಂದೆ ಬಂದ, ಅಡಿಗೆಯವರು ಬಂದರು, ಫೋಟೋದವನು ಬಂದ. ಎಲ್ಲರ ಎದುರಿಗೆ ಮೈದುನ ನನ್ನ ಕಡೆ ಕೈ ತೋರಿಸಿದ.

"ನಮ್ಮತ್ತಿಗೆ ಸಾರ್ ಮಾಡಿದ್ದು. ತಿಂಗಳೆಲ್ಲ ಮೆಷಿನ್ ಒಳಗೆ ಸೋಲಾರ್ ಕರೆಂಟ್ ಬಿಟ್ಟಿದಾರೆ. ಬೇಡ ಬೇಡ ಅಂದೆ. ಹಳೇ ಕಾಲದೋರು, ಕೇಳಲ್ಲ."

ಹುಡುಗಿಯ ತಂದೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಇದೇ ಮಾಡೋಕೆ ನಮ್ಮ ಮದ್ವೆನೇ ಬೇಕಿತ್ತಾ?" ಎಂದ. ಗೊತ್ತಿಲ್ಲದೆ ಬಾಯಿ ಬಿಡುವುದು ನನ್ನ ಅಭ್ಯಾಸವಲ್ಲ. ಒಳಗೆ ಓಲಗದವರಿಗೆ ಕರೆಂಟು ಬೇಕಿರಲಿಲ್ಲ, ಊದುತ್ತಿದ್ದರು. ಮದುವೆ ಆಯಿತು.

ನಾನು ಅಲ್ಲಿಂದ ನೇರ ಎಸ್ಟೇಟಿಗೆ ಹೋಗಿ ವೈಂಡಿಂಗ್‌ನವನನ್ನು ಮೆಗ್ಗರ್ ಸಮೇತ ಆಟೋ ಹತ್ತಿಸಿದೆ. ಮಧ್ಯಾಹ್ನ ಮೂರರ ಹೊತ್ತಿಗೆ ಬ್ಯಾಡರಹಳ್ಳಿಗೆ ಬಂದೆವು. ಸುಟ್ಟ ಮೆಷಿನ್ನನ್ನು ಟ್ರ್ಯಾಕ್ಟರಿಗೆ ಕಟ್ಟಿಕೊಂಡು ತಂದು ಮೈದುನ ಶೆಡ್ಡಿನ ಮುಂದೆ ನಿಲ್ಲಿಸಿದ್ದ. ಅವನ ಹೆಂಡತಿಯೂ ಇದ್ದಳು. ಶಟರ್ ತೆಗೆಸಿದೆ.

ಒಳಗೆ ಕಾಲಿಟ್ಟ ತಕ್ಷಣ ಬೀಡಿ ವಾಸನೆ. ಕುರ್ಚಿಗಳನ್ನು ಸುತ್ತಲೂ ಹಾಕಿ, ನಡುವೆ ಮಡಚುವ ಟೇಬಲ್ಲು, ಮೇಲೆ ಇಸ್ಪೀಟು, ಟೀ ಲೋಟಗಳು. ಗೋಡೆಯ ಪಕ್ಕದಲ್ಲಿ ಒಂದು ಚಿಕ್ಕ ಟೀವಿ, ಕಾರಿನ ಬ್ಯಾಟರಿಗೆ ಹಾಕುತ್ತಾರಲ್ಲ ಅಂಥದ್ದು. ಅದರ ತಂತಿ ಹಿಡಿದುಕೊಂಡು ಹೋದೆ. ಅದು ನನ್ನ ಸೋಲಾರ್ ಬ್ಯಾಟರಿಗೆ ಹೋಗಿ ಮುಟ್ಟಿತು.

ಚಿಕ್ಕ ಮೆಷಿನ್ನಿನ ಕಂಬಳಿ ತೆಗೆದು ಒಳಗೆ ಕೈ ಹಾಕಿದೆ. ತಣ್ಣಗೆ, ಬಾವಿಯೊಳಗೆ ಕೈ ಹಾಕಿದ ಹಾಗೆ. ಬೆರಳಿಗೆ ಸಿಕ್ಕಿದ್ದನ್ನು ಹೊರಗೆಳೆದೆ. ನಾನು ಬೇಡವೆಂದು ಡಬ್ಬಿಯಲ್ಲಿಟ್ಟಿದ್ದ ಎಲ್‌ಇಡಿ ದೀಪ. ದೊಡ್ಡದರ ಹತ್ತಿರ ಹೋದೆ. ಎರಡನೆಯ ದೀಪ ಅದರ ಒಳಗೆ ಕರಗಿ ಅಂಟಿಕೊಂಡಿತ್ತು. ಮದುವೆಗೆ ಒಯ್ಯುವಾಗ ಅದನ್ನು ತೆಗೆಯುವುದನ್ನೂ ಮರೆತಿದ್ದ.

"ಇದೇನೋ?"

"ದೀಪ ಅತ್ತಿಗೆ."

"ನಾನ್ ಹಾಕಿದ್ ಬಲ್ಬೆಲ್ಲಿ?"

"ಅದು ಬ್ಯಾಟರಿ ತಿಂದ್ಹಾಕ್ತಿತ್ತು. ಟೀವಿ ಅರ್ಧ ಗಂಟೆಗೆ ಆಫ್ ಆಗೋದು. ಇದ್ಯಾಕೆ ಸುಮ್ನೆ ಡಬ್ಬೀಲಿ ಬಿದ್ದಿದೆ, ಇದನ್ ಹಾಕಿದ್ರೆ ಎರಡೂ ನಡೆಯುತ್ತೆ ಅಂತ... ಬೆಳಕು ಅದಕ್ಕಿಂತ ಜಾಸ್ತಿನೇ ಇತ್ತು. ನೀವೇ ಬಂದು ನೋಡ್ಕೊಂಡ್ ಹೋದ್ರಂತಲ್ಲ."

"ಬೆಳಕು ಯಾರಿಗ್ ಬೇಕಿತ್ತೋ? ಮೆಷಿನ್ ಏನು ಒಳಗೆ ಕೂತ್ಕೊಂಡು ಪೇಪರ್ ಓದುತ್ತಾ?"

ವೈಂಡಿಂಗ್‌ನವನು ನಗು ತಡೆಯಲಾರದೆ ತಲೆ ಬಗ್ಗಿಸಿದ. ನನಗೆ ನಗು ಬರಲಿಲ್ಲ. ಅವನು ಚಿಕ್ಕ ಮೆಷಿನ್ನಿಗೆ ಮೆಗ್ಗರ್ ಕಟ್ಟಿ ಹಿಡಿ ತಿರುಗಿಸಿದ. ಮುಳ್ಳು ಏಳಲೇ ಇಲ್ಲ.

"ನೋಡ್ಕೊ ಅಣ್ಣ," ಎಂದು ಮೈದುನನಿಗೆ ತೋರಿಸಿದ. "ಒಳಗೆ ಪೂರಾ ತೇವ. ಇದನ್ನ ಸ್ಟಾರ್ಟ್ ಮಾಡಿದ್ರೆ ಇದೂ ದೊಡ್ಡದರ ದಾರಿನೇ. ಸೋಲಾರ್ ಏನೂ ಮಾಡಿಲ್ಲ. ಸೋಲಾರ್‌ನ ಮೆಷಿನ್‌ಗೆ ಕೊಟ್ಟಿಲ್ಲ ನೀವು, ಟೀವಿಗೆ ಕೊಟ್ಟಿದೀರ."

ತಪ್ಪಾಯಿತು ಎಂದು ಆಗ ಒಂದು ಮಾತು ಬಂದಿದ್ದರೆ ನಾನು ಏನು ಮಾಡುತ್ತಿದ್ದೆನೋ ಗೊತ್ತಿಲ್ಲ. ಬರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಕೂತ.

"ಆಗಿದ್ ಆಯ್ತು ಅತ್ತಿಗೆ. ಹೆಂಗಿದ್ರೂ ಹಳೇದು. ಗುಜರಿಯವನಿಗೆ ಹೇಳಿ ಆಯ್ತು, ನಾಳೆ ಹತ್ತು ಗಂಟೆಗೆ ಬರ್ತಾನೆ. ಎರಡನ್ನೂ ಒಟ್ಟಿಗೆ ತೂಕಕ್ಕೆ ಹಾಕ್ಬಿಡೋಣ. ಜಾಗಾನೂ ಖಾಲಿ ಆಗುತ್ತೆ."

ಮೆಷಿನ್ನಿನ ಹೊಗೆ ಇನ್ನೂ ಪೂರ್ತಿ ಆರಿರಲಿಲ್ಲ, ಗುಜರಿಯವನಿಗೆ ಫೋನ್ ಹೋಗಿತ್ತು. ಬೇಕೆಂದೇ ಸುಟ್ಟ ಎಂದು ನಾನು ಹೇಳುವುದಿಲ್ಲ, ಅಷ್ಟು ಬುದ್ಧಿ ಅವನಿಗಿಲ್ಲ. ಆದರೆ ಸುಟ್ಟ ಮೇಲೆ ಅವನಿಗೆ ಬೇಜಾರಾಗಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದೆ.

ವಾರಗಿತ್ತಿ ಬಾಯಿ ಹಾಕಿದಳು. "ಅಕ್ಕ, ನಿಮ್ಗೂ ವಯಸ್ಸಾಯ್ತು. ಕೈ ನೋಡಿ, ಬೆರಳು ಮಡಚಕ್ಕಾಗಲ್ಲ. ಆರಾಮಾಗಿ ಮೊಮ್ಮಗಳನ್ನ ನೋಡ್ಕೊಂಡು ಮನೇಲಿರಬಾರ್ದಾ?"

"ನಿನ್ ಗಂಡ ತಿಂಗಳೆಲ್ಲ ಆರಾಮಾಗೇ ಇದ್ನಲ್ಲಮ್ಮ. ನೋಡಿದ್ಯಲ್ಲ ಏನಾಯ್ತು ಅಂತ."

ಅವಳು ಸೆರಗು ಹೊದ್ದುಕೊಂಡು ಆಚೆ ಹೋದಳು. ನಾನು ವೈಂಡಿಂಗ್‌ನವನನ್ನು ಕೇಳಿದೆ, "ದೊಡ್ಡದು ಉಳಿಯುತ್ತಾ ಇಲ್ವಾ? ನೇರ ಹೇಳು."

ಅವನು ಟಾರ್ಚ್ ಬಿಟ್ಟು ಬಹಳ ಹೊತ್ತು ಒಳಗೆ ನೋಡಿದ. "ಕಬ್ಬಿಣ ಚೆನ್ನಾಗಿದೆ ಅಕ್ಕಾ. ಸುರುಳಿ ಪೂರ್ತಿ ಕಿತ್ತು ಹೊಸದು ಹಾಕಿದ್ರೆ ಓಡುತ್ತೆ. ಆದ್ರೆ ನನ್ನ ಹತ್ರ ಆಳಿಲ್ಲ. ಇದ್ದ ಇಬ್ರೂ ಪೀಣ್ಯಕ್ಕೆ ಹೋದ್ರು. ಹಳೇ ಸುರುಳಿ ಕೀಳೋಕೇ ನಾಲ್ಕು ದಿನ ಬೇಕು. ಅಷ್ಟು ದಿನ ಕೂತ್ಕೊಳೋರು ಯಾರು?"

"ನಾನ್ ಕೂತ್ಕೊತೀನಿ."

ಅವನು ನನ್ನ ಬೆರಳು ನೋಡಿದ. ಊದಿಕೊಂಡೇ ಇದ್ದವು. ಟಾರ್ಚ್ ಆರಿಸಿ, ಆಯ್ತು ಎಂದು ತಲೆಯಾಡಿಸಿದ. ಮೈದುನ ಮಾತ್ರ ಜೋರಾಗಿ ನಕ್ಕ. "ಕೂತ್ಕೊಳಿ ಕೂತ್ಕೊಳಿ. ಹತ್ತು ಗಂಟೆಗೆ ಅವನು ಬರ್ತಾನೆ, ಅವನ ಹತ್ರಾನೇ ಹೇಳಿ" ಎಂದು ಎದ್ದು ಹೋದ. ಬೀಗದ ಕೈ ಕೇಳಿದೆ, ನಾಳೆ ಕೊಡುತ್ತೇನೆ ಎಂದ. ಟೀವಿ ಅಲ್ಲೇ ಬಿಟ್ಟಿದ್ದ. ಬೀಗ ಹಾಕಲೂ ಅವನಿಗೆ ನೆನಪಾಗಲಿಲ್ಲ, ನಾನೇ ಶಟರ್ ಎಳೆದು ಬೀಗ ಒತ್ತಿದೆ. ಬೀಗದ ಕೈ ಅವನ ಜೇಬಿನಲ್ಲೇ ಇತ್ತು.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಬ್ಯಾಡರಹಳ್ಳಿಯಲ್ಲಿದ್ದೆ. ವೈಂಡಿಂಗ್‌ನವನಿಗೆ ಹೇಳಿ ಒಂದು ಟೆಂಪೋ ತರಿಸಿದ್ದೆ, ಲಗ್ಗೆರೆಯಿಂದ ಹೊಸ ಬೀಗ ತಂದಿದ್ದೆ. ಹಳೆ ಬೀಗಕ್ಕೆ ಟೆಂಪೋದವನು ರಾಡು ಹಾಕಿ ಒಂದೇ ಏಟಿಗೆ ಮುರಿದ. ಮೊದಲು ಟೀವಿ ತಂತಿ ಬ್ಯಾಟರಿಯಿಂದ ಕಿತ್ತೆ. ಲಾರಿ ಬಲ್ಬುಗಳು ಕುರ್ಚಿಗಳ ಹಿಂದೆ ಬೀಡಿ ತುಂಡುಗಳ ಜೊತೆ ಬಿದ್ದಿದ್ದವು. ಒಂದು ಒಡೆದಿತ್ತು, ಒಂದು ಚೆನ್ನಾಗಿತ್ತು. ಚೆನ್ನಾಗಿದ್ದುದನ್ನು ಚಿಕ್ಕ ಮೆಷಿನ್ನಿಗೆ ಹಾಕಿ, ಹೊತ್ತು ಮುಳುಗುವ ತನಕ ಕಾಯದೆ ಹಗಲಿಗೂ ಉರಿಯುವ ಹಾಗೆ ನೇರ ಬ್ಯಾಟರಿಗೆ ಕಟ್ಟಿದೆ. ಬಿಸಿಯಾಯಿತೇ ಎಂದು ಈ ಸಲ ಕೈ ಹಾಕಿಯೇ ನೋಡಿದೆ. ಬೆರಳು ಸುಟ್ಟಿತು. ಎರಡು ಕಂಬಳಿಯನ್ನೂ ಅದಕ್ಕೇ ಹೊದೆಸಿದೆ.

ದೊಡ್ಡ ಮೆಷಿನ್ನಿನ ಕರೆಂಟು ಹುಟ್ಟುವ ಭಾಗವನ್ನು ಎಂಜಿನ್ನಿನಿಂದ ಬಿಚ್ಚಿ ಟೆಂಪೋಗೆ ಹಾಕಿದೆವು. ಎಂಜಿನ್ನನ್ನು ಒಳಕ್ಕೆ ತಳ್ಳಿ, ಶಟರ್ ಎಳೆದು, ಹೊಸ ಬೀಗ ಹಾಕಿ, ಅದರ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಟೀವಿ, ಇಸ್ಪೀಟು, ಕರಗಿ ಅಂಟಿದ್ದನ್ನೂ ಕಿತ್ತು ಎರಡು 'ತಣ್ಣನೆ' ದೀಪ, ಎಲ್ಲವನ್ನೂ ಒಂದು ಗೋಣಿಚೀಲಕ್ಕೆ ತುಂಬಿ ಗೇಟಿನ ಹೊರಗಿಟ್ಟೆ.

ಎಂಟೂವರೆಗೆ ಎಸ್ಟೇಟಿನ ಅಂಗಡಿಯಲ್ಲಿ, ಯಜಮಾನರು ಕೂರುತ್ತಿದ್ದ ಬಾಗಿಲ ಪಕ್ಕದಲ್ಲಿ ಚೀಲ ಹಾಸಿಕೊಂಡು ಕೂತಿದ್ದೆ. ಉಳಿ ಹಿಡಿಯಲು ಬೆರಳು ಮಡಚಲಿಲ್ಲ. ಒಂದು ಬಟ್ಟೆ ಹರಿದು ಉಳಿಯನ್ನು ಕೈಗೆ ಕಟ್ಟಿಕೊಂಡೆ. ಮೊದಲನೇ ಸಂದಿಯ ಸುಟ್ಟ ತಂತಿ ಕೀಳಲು ಒಂದೂವರೆ ಗಂಟೆ ಹಿಡಿಯಿತು.

ಹತ್ತಕ್ಕೆ ಫೋನು ಬಂತು. ವೈಂಡಿಂಗ್‌ನವನು ನನ್ನ ಕಿವಿಗೆ ಹಿಡಿದ.

"ಅತ್ತಿಗೆ, ಗುಜರಿಯವನು ಬಂದ್ ನಿಂತಿದಾನೆ. ಬೀಗ ಯಾಕೆ ಬೇರೆ ಇದೆ?"

"ಗೇಟಿನ ಹತ್ರ ಚೀಲ ಇದೆ ನೋಡು. ಅದನ್ ಕೊಟ್ ಕಳ್ಸು ಅವನಿಗೆ."

"ನನ್ ಕುರ್ಚಿ ಒಳಗಿದೆ! ನಾಡಿದ್ದು ಮದ್ವೆ ಇದೆ ನಂಗೆ!"

"ಬೇಕಾದಾಗ ಬಂದು ನನ್ನ ಕೇಳು" ಎಂದೆ. ವೈಂಡಿಂಗ್‌ನವನಿಗೆ ಫೋನ್ ತೆಗೆ ಎಂದು ಸನ್ನೆ ಮಾಡಿ, ಎರಡನೇ ಸಂದಿಗೆ ಉಳಿ ಇಟ್ಟು ಸುತ್ತಿಗೆ ಎತ್ತಿದೆ.